ಅತ್ತೆಯ ಔಷಧ ನನ್ನ ಕೈಗೆ ಬಂದದ್ದು

ನನ್ನ ಕೈಗೆ ಏನೋ ಆಗಿದೆ ಎಂದು ಮೊದಲು ಹೇಳಿದ್ದು ಡಾಕ್ಟರಲ್ಲ, ನಮ್ಮ ಮನೆಯ ರೊಟ್ಟಿ. ಜೋಳದ ಹಿಟ್ಟು ನಾದಿ ಬಡಿಯಲು ಕೂತರೆ ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ಹರಿದುಹೋಗುವಷ್ಟು ತೆಳ್ಳಗೆ. ಅಂಚೆಲ್ಲ ಸೀಳು. ಅತ್ತೆ ತಾಟಿನಲ್ಲಿದ್ದ ರೊಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾಕ ಬೇ, ಇವತ್ತು ರೊಟ್ಟಿ ಮಾರಿ ಸೊಟ್ಟ ಮಾಡ್ಕೊಂಡಾವ?"

"ಹಿಟ್ಟು ಹಳೇದಾಗ್ಯದ್ರಿ ಅತ್ತಿ," ಎಂದೆ.

ಹಿಟ್ಟು ಹಿಂದಿನ ದಿನವಷ್ಟೇ ಬೀಸಿ ತಂದದ್ದು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಅದನ್ನೇ ಉಂಡು ಎದ್ದರು.

ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಲ್ಲಿ. ಕೊಟ್ಟದ್ದು ಅಫಜಲಪುರ ತಾಲ್ಲೂಕಿನ ಕರಜಗಿಗೆ. ಮನೆಯ ಪಡಸಾಲೆಯಲ್ಲೇ ಮಷೀನು ಇಟ್ಟುಕೊಂಡು ಊರ ಹೆಣ್ಣುಮಕ್ಕಳ ಜಂಪರ್ ಹೊಲಿಯುತ್ತೇನೆ. ನಮ್ಮ ಮನೆಯವರದು ಪಂಪಿನ ಮೋಟಾರು ರಿಪೇರಿಯ ಅಂಗಡಿ. ಕಬ್ಬಿನವರ ಮೋಟಾರು ಸುಟ್ಟಾಗಲೆಲ್ಲ ತಾಮ್ರದ ತಂತಿ ಸುತ್ತಿ ಕೊಡುತ್ತಾರೆ. ಗಂಡ ಹೆಂಡಿರಿಬ್ಬರೂ ಕೈ ನಂಬಿ ಬದುಕಿದವರು. ಹಾಗಾಗಿ ಕೈ ಕೈಕೊಡುತ್ತಿದೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು.

ಮುಂಜಾನೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ. ಬಕೆಟ್ಟಿನ ಹಿಡಿಕೆ ಹಿಡಿದರೆ ಜೀವ ಹೋದಂತಾಗುತ್ತಿತ್ತು. ಮಗಳು ಬಾಚಣಿಕೆ ಹಿಡಿದು ಮುಂದೆ ಬಂದು ಕೂತರೆ, ನೀನೇ ಹೆಣೆದುಕೋ, ದೊಡ್ಡವಳಾಗಿದ್ದೀಯ ಎಂದು ಗದರಿ ಕಳಿಸುತ್ತಿದ್ದೆ. ಊರಲ್ಲಿ ಕೇಳಿದರೆ ಎಲ್ಲರದೂ ಒಂದೇ ಮಾತು, "ಚಿಕೂನ್‌ಗುನ್ಯಾ ಉಳಕೊಂಡದ್ರಿ, ಹೋಗ್ತದ." ನನಗೆ ಚಿಕೂನ್‌ಗುನ್ಯಾ ಬಂದೇ ಇರಲಿಲ್ಲ. ಬಾರದ ಜ್ವರ ಉಳಿದುಕೊಳ್ಳುವುದು ಹೇಗೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬಾವು ಮಣಿಕಟ್ಟಿಗೆ ಏರಿ, ಕತ್ತರಿ ಹಿಡಿಯಲಾಗದೆ ಮದುವೆ ಮನೆಯ ಜಂಪರುಗಳನ್ನು ಹಾಗೇ ವಾಪಸು ಕೊಟ್ಟ ದಿನ ನಮ್ಮ ಮನೆಯವರು ಅಂಗಡಿ ಮುಚ್ಚಿ ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೋದರು.

ಆ ದವಾಖಾನೆಯ ಹೊರಗಿನ ಬೆಂಚು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಕೂತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಎಲ್ಲರ ಕೈಯೂ ಸೆರಗಿನೊಳಗೆ. ಪಕ್ಕದಲ್ಲಿದ್ದ ಜೇವರ್ಗಿ ಕಡೆಯ ಹೆಣ್ಣುಮಗಳು ನನ್ನ ಸೆರಗು ತಾನೇ ಸರಿಸಿ ಕೈ ನೋಡಿ, ತನ್ನ ಕೈಯನ್ನೂ ಹೊರಗೆ ತೆಗೆದಿಟ್ಟಳು. ಅವಳ ಬೆರಳುಗಳು ಒಂದೇ ಕಡೆಗೆ ವಾಲಿದ್ದವು.

"ರೊಟ್ಟಿ ಬಡಿಯಾಕ ಬರ್ತದೇನ್ರಿ?" ಎಂದು ಕೇಳಿದಳು.

"ಇಲ್ರಿ ಅಕ್ಕಾ."

"ಜಲ್ದಿ ಬಂದೀರಿ ಬಿಡ್ರಿ. ನಾ ಭಾಳ ತಡಾ ಮಾಡಿದೆ. ನಿಮ್ಮವು ಇನ್ನಾ ನೆಟ್ಟಗ ಅವ."

ಹೆಸರು ಕೇಳುವಷ್ಟರಲ್ಲಿ ಅವಳನ್ನು ಒಳಗೆ ಕರೆದರು. ನನ್ನ ಬೆರಳು ಇನ್ನೂ ನೆಟ್ಟಗಿವೆ ಎಂದು ಮೊದಲು ಹೇಳಿದವಳು ಅವಳೇ. ಆ ಮಾತನ್ನು ಹಿಡಿದುಕೊಂಡೇ ನಾನು ಒಳಗೆ ಹೋದೆ.

ಡಾಕ್ಟರು ನನಗಿಂತ ಚಿಕ್ಕವರು, ನಮ್ಮ ಕಡೆಯವರೇ. ರಕ್ತ ತೆಗೆಸಿ, ಎಕ್ಸ್‌ರೇ ಫೋಟೋ ತೆಗೆಸಿ, ಇದು ಸಂಧಿವಾತ, ಮೈಯೇ ತನ್ನ ಕೀಲುಗಳ ಮೇಲೆ ತಾನು ತಿರುಗಿಬಿದ್ದಿದೆ ಎಂದರು. ವಾಸಿಯಾಗುವುದಿಲ್ಲ, ಆದರೆ ಹತೋಟಿಗೆ ಬರುತ್ತದೆ. ವಾರಕ್ಕೊಮ್ಮೆ ನುಂಗುವ ಗುಳಿಗೆ ಬರೆದುಕೊಟ್ಟರು. ಬಿಟ್ಟರೆ ಬೆರಳು ಸೊಟ್ಟಗಾಗುತ್ತವೆ, ಆಮೇಲೆ ನೆಟ್ಟಗೆ ಮಾಡಲು ಯಾರಿಂದಲೂ ಆಗುವುದಿಲ್ಲ ಎಂದೂ ಹೇಳಿದರು.

ವಾಪಸು ಬರುವ ಬಸ್ಸು ಹತ್ತಿದೆವು. ಚೌಡಾಪುರದಲ್ಲಿ ಗಾಣಗಾಪುರಕ್ಕೆ ಹೋಗುವ ಮರಾಠಿ ಮಂದಿ ದತ್ತನ ಹೆಸರು ಹೇಳುತ್ತ ಇಳಿದರು, ಬಸ್ಸು ಖಾಲಿಯಾಯಿತು. ಅಫಜಲಪುರದ ಸ್ಟ್ಯಾಂಡಿನಲ್ಲಿ ನಮ್ಮ ಮನೆಯವರು ಕೆಳಗಿಳಿದು ಮಿರ್ಚಿ ಭಜಿ ತಂದು, ಪೇಪರು ಬಿಚ್ಚಿ ನನ್ನ ತೊಡೆಯ ಮೇಲಿಟ್ಟು, ಕಿಟಕಿಯ ಆಚೆ ನೋಡುತ್ತ ಹೇಳಿದರು, "ನಾಳಿಂದ ರೊಟ್ಟಿ ನಾ ಬಡೀತೇನಿ."

ಬಡಿದರು ಕೂಡ. ಮೊದಲ ದಿನ ಯಾರಾದರೂ ನೋಡಿಯಾರು ಎಂದು ತಲಬಾಗಿಲು ಮುಚ್ಚಿ ಕೂತರು. ಅತ್ತೆ ಹೋಗಿ ಬಾಗಿಲು ತೆರೆದಿಟ್ಟು ಬಂದರು. "ಕಳವು ಮಾಡಾಕತ್ತಿಯೇನೋ? ಹೊಗಿ ಹೊರಗ ಹೋಗಲಿ," ಎಂದರು. ಇವರ ರೊಟ್ಟಿ ಯಾವ ಆಕಾರಕ್ಕೂ ಸೇರುತ್ತಿರಲಿಲ್ಲ. ಅಷ್ಟು ರುಚಿಯ ಊಟ ಮಾತ್ರ ನಾನು ಅದಕ್ಕೆ ಮೊದಲು ಉಂಡಿರಲಿಲ್ಲ.

ಇನ್ನು ಅತ್ತೆಯ ವಿಷಯ. ಅವರ ತವರು ಜೇವರ್ಗಿ ತಾಲ್ಲೂಕಿನಲ್ಲಿ, ಭೀಮಾ ದಂಡೆಯ ಒಂದು ಹಳ್ಳಿ. ಕೀಲುನೋವಿನ ಔಷಧ ಅವರಿಗೆ ಅವರ ಅಜ್ಜಿಯಿಂದ ಬಂದದ್ದು. ಸೊಂಟ ಹಿಡಿದವರು, ಕಾಲು ಉಳುಕಿದವರು ಊರೂರಿನಿಂದ ನಮ್ಮ ಕಟ್ಟೆಗೆ ಬರುತ್ತಿದ್ದರು. ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಖಲಬತ್ತಿನಲ್ಲಿ ಕುಟ್ಟುತ್ತಿದ್ದರು. ಹೊರಗೆ ಬರುವಾಗ ಅದು ಯಾವ ಎಲೆಯೆಂದು ಅದನ್ನು ಹೆತ್ತ ಗಿಡಕ್ಕೂ ಗುರುತು ಸಿಗದಷ್ಟು ನುಣ್ಣಗಾಗಿರುತ್ತಿತ್ತು. ಯಾಕೆಂದರೆ ಗಿಡದ ಹೆಸರು ಬಾಯಲ್ಲಿ ಬರಬಾರದು, ಬಂದರೆ ಗುಣ ಹೋಗುತ್ತದೆ. ಕಲಿಸುವುದಾದರೆ ಒಬ್ಬರಿಗೇ ಕಲಿಸಬೇಕು. ಕಲಿಸಿದ ದಿನ ಕಲಿಸಿದವರ ಕೈಗುಣ ಕಲಿತವರ ಕೈಗೆ ಹೋಗುತ್ತದೆ, ಮತ್ತೆ ಅವರು ಔಷಧ ಕೊಡುವಂತಿಲ್ಲ. ಗೋಡೆಯ ಮೇಲೆ ಶರಣರ ಫೋಟೋ, ಕೆಳಗೆ ಈ ಕಟ್ಟಳೆ. ಇದೆಲ್ಲ ಶರಣರು ಒಪ್ಪುತ್ತಾರೇನ್ರಿ ಎಂದು ನಾನು ಹೊಸದಾಗಿ ಬಂದಾಗ ಚೇಷ್ಟೆ ಮಾಡಿದ್ದೆ. "ಶರಣರಿಗೆ ಸೊಂಟ ನೋವು ಬಂದಿದ್ದರ ಒಪ್ಪತಿದ್ದರು," ಎಂದಿದ್ದರು.

ಗುಳಿಗೆ ಶುರುವಾದ ವಾರದಿಂದಲೇ ಅತ್ತೆಯ ಔಷಧವೂ ಶುರುವಾಯಿತು. ಮುಂಜಾನೆ ಬಿಸಿ ಎಲೆಯ ಪಟ್ಟಿ ಕೈಗೆ, ಒಂದು ಲೋಟ ಕಹಿ ಕಷಾಯ ಹೊಟ್ಟೆಗೆ. ಪಟ್ಟಿ ಕಟ್ಟುವಾಗ ಅತ್ತೆ ಬಾಯಿಂದ ಊದುತ್ತಿದ್ದರು. ಎಲೆಯ ಶಾಖಕ್ಕೋ, ಊದುವುದಕ್ಕೋ, ನೋವು ಒಂದಿಷ್ಟು ಹೊತ್ತು ಹಿಂದೆ ಸರಿಯುತ್ತಿತ್ತು. ಕೆಲವು ತಿಂಗಳಲ್ಲಿ ಬಾವು ಇಳಿಯಿತು. ಸೂಜಿಗೆ ದಾರ ಪೋಣಿಸಿದೆ. ಗುಳಿಗೆಯಿಂದ ಎಂದರು ಇವರು, ತಮ್ಮ ಔಷಧದಿಂದ ಎಂದರು ಅತ್ತೆ. ನಾನು ಇಬ್ಬರಿಗೂ ಹೌದೆನ್ನುತ್ತಿದ್ದೆ.

ಆಗ ರಕ್ತ ಪರೀಕ್ಷೆಯಲ್ಲಿ ಲಿವರಿನ ಅಂಶ ಏರಿದ್ದು ಕಂಡಿತು. ಡಾಕ್ಟರು ಚೀಟಿಯನ್ನೇ ನೋಡುತ್ತ ಕೇಳಿದರು, "ಗುಳಿಗೀ ಬಿಟ್ಟು ಮತ್ತೇನರ ತಗೋತೀರೇನು?"

"ಕಷಾಯ ಕುಡೀತೇನ್ರಿ. ನಮ್ಮತ್ತಿ ಕೊಡ್ತಾರ."

"ಏನ್ ಹಾಕ್ತಾರ ಅದರಾಗ?"

"ಗೊತ್ತಿಲ್ರಿ. ಹೇಳಂಗಿಲ್ಲ ಅವರು."

ಡಾಕ್ಟರು ಬೈಯಲಿಲ್ಲ. ಕುರ್ಚಿಗೆ ಒರಗಿ ನಿಧಾನಕ್ಕೆ ಬಿಡಿಸಿ ಹೇಳಿದರು. ಲಿವರಿಗೆ ತೊಂದರೆ ಗುಳಿಗೆಯಿಂದಲೂ ಆಗಬಹುದು, ಕಷಾಯದಿಂದಲೂ ಆಗಬಹುದು. ಸದ್ಯಕ್ಕೆ ಎರಡನ್ನೂ ನಿಲ್ಲಿಸಬೇಕು. ಕಷಾಯದಲ್ಲಿ ಏನಿತ್ತೆಂದು ತಿಳಿದರೆ ಗುಳಿಗೆಯನ್ನು ಮತ್ತೆ ಶುರು ಮಾಡಬಹುದೋ ಇಲ್ಲವೋ ನಿರ್ಧರಿಸಬಹುದು. ತಿಳಿಯದಿದ್ದರೆ ಈ ಗುಳಿಗೆ ನನಗೆ ಆಗಿಬರುವುದಿಲ್ಲ ಎಂದೇ ಹಿಡಿಯಬೇಕು. "ನಿಮ್ಮ ಕೈಗೆ ಹತ್ತಿದ ಗುಳಿಗಿ ಇದು. ಸುಮ್ಮ ಸುಮ್ಮನ ಕಳಕೋಬ್ಯಾಡ್ರಿ. ಅತ್ತಿಯವರನ್ನ ಕೇಳ್ರಿ," ಎಂದರು.

ಕೇಳಿದೆ. ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು, ಮೊರದಿಂದ ಕಣ್ಣೆತ್ತಲಿಲ್ಲ.

"ಕುಡಿಯೋದು ಬಿಟ್ಟೀದಿ, ಮುಗೀತಲ್ಲ. ಹೆಸರು ಯಾಕ ಬೇಕವರಿಗೆ?"

ಮತ್ತೆ ಬಿಡಿಸಿ ಹೇಳಿದೆ. ಅವರು ಕಲ್ಲು ಹೆಕ್ಕುತ್ತಲೇ ಇದ್ದರು. ಇವರಿಗೆ ತಡೆಯಲಾಗಲಿಲ್ಲ. "ಅವ್ವಾ, ಅಕೀ ಕೈ ಹೊಂಟಾವ, ನಿಂದೊಂದು ಹಟ," ಎಂದು ಕೂಗಿದರು. ನಾನು ಇವರನ್ನು ಹೊರಗೆ ಕಳಿಸಿದೆ. ನಿಜ ಹೇಳುತ್ತೇನೆ, ನನಗೂ ಅತ್ತೆಯ ಮೇಲೆ ಬೆಂಕಿಯಂಥ ಸಿಟ್ಟು ಬಂದಿತ್ತು. ನನ್ನ ಬೆರಳಿಗಿಂತ ಅವರಿಗೆ ಒಂದು ಗಿಡದ ಹೆಸರು ದೊಡ್ಡದಾಯಿತೇ ಎಂದು ಒಳಗೇ ಕುದ್ದೆ. ಮಾತು ಬಿಟ್ಟೆ. ಒಂದೇ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಡುವುದೆಂದರೆ ಗೊತ್ತಲ್ಲ, ಪಾತ್ರೆಗಳೇ ಮಾತಾಡುತ್ತವೆ.

ಕೆಲವು ವಾರಗಳಲ್ಲಿ ಬಾವು ತಿರುಗಿ ಬಂತು, ಬಡ್ಡಿ ಸಮೇತ. ಒಂದು ಮುಂಜಾನೆ ಚಹಾದ ಕಪ್ಪು ಹಿಡಿಯಲಾರದೆ ಎರಡೂ ಮಣಿಕಟ್ಟಿನ ನಡುವೆ ಒತ್ತಿಕೊಂಡು ಕುಡಿಯುತ್ತಿದ್ದೆ. ಅತ್ತೆ ಎದುರು ಬಂದು ಕೂತು ಕಪ್ಪನ್ನು ತಾವೇ ಹಿಡಿದು ನನ್ನ ಬಾಯಿಗಿಟ್ಟರು. ಮಾತು ಬಿಟ್ಟಿದ್ದೆನಲ್ಲ, ಸುಮ್ಮನೆ ಕುಡಿದೆ.

"ನಿನಗ ಸಿಟ್ಟದ," ಎಂದರು. "ನಾ ಹೆಸರು ಹೇಳಿದೆ ಅಂದ್ರ ನನ್ನ ಕೈಯ್ಯಾಗಿಂದು ಹೋಗ್ತದ. ಗುಳಿಗಿ ಡಾಕ್ಟರು ಬಿಡಿಸ್ಯಾರ. ಪಟ್ಟಿ ಕಟ್ಟೋದು ನಂದೂ ಹೋದರ ಆಮ್ಯಾಲ ನಿನಗ ಉಳಿಯೋದೇನು ಬೇ? ಅವರ ಗುಳಿಗಿ ತಿರುಗಿ ಹತ್ತಲಿಲ್ಲ ಅಂದ್ರ? ಆಗ ನಿನ್ನ ಕೈ ಯಾರು ನೋಡವರು?"

ಇಷ್ಟು ದಿನ ಅವರು ತಮ್ಮ ಗುಟ್ಟನ್ನು ಕಾಯುತ್ತಿದ್ದಾರೆ ಎಂದುಕೊಂಡಿದ್ದೆ, ಅವರು ಕಾಯುತ್ತಿದ್ದದ್ದು ನನ್ನನ್ನು. ಅತ್ತೆ ಸೆರಗಿನಿಂದ ನನ್ನ ಬಾಯಿ ಒರೆಸಿದರು, ಚಿಕ್ಕ ಮಕ್ಕಳಿಗೆ ಒರೆಸಿದ ಹಾಗೆ.

"ಗುಳಿಗಿ ಹತ್ತತಾವ್ರಿ ಅತ್ತಿ," ಎಂದೆ. "ಹತ್ತಿದ್ದವು. ನೀವs ನೋಡೀರಿ."

ಆ ದಿನ ಸಂಜೆ ಅವರು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಒಬ್ಬರೇ ಹಳ್ಳದ ಕಡೆ ಹೋಗಿ ಬಂದರು. ಮರುದಿನ ಬೆಳಗಾಗುತ್ತಿದ್ದಂತೆ ನನ್ನನ್ನು ಎಬ್ಬಿಸಿದರು.

"ಮಾರಿ ತೊಳಕೊ. ದಾರ್ಯಾಗ ಮಾತಾಡಬ್ಯಾಡ."

ಕರಜಗಿಯ ಆಚೆ, ಭೀಮೆಗೆ ಸೇರುವ ಹಳ್ಳದ ದಂಡೆಯಲ್ಲಿ ಆಳೆತ್ತರದ ಪೊದೆಯೊಂದರ ಮುಂದೆ ನಿಂತರು. ಅದರ ಬುಡಕ್ಕೆ ಹಿಂದಿನ ಸಂಜೆಯ ಅರಿಶಿನ ಇನ್ನೂ ಅಂಟಿಕೊಂಡಿತ್ತು. ನಾಳೆ ಬಂದು ಕೀಳುತ್ತೇನೆ ಎಂದು ಗಿಡಕ್ಕೆ ಮೊದಲೇ ಹೇಳಿ ಹೋಗಬೇಕಂತೆ. ಅತ್ತೆ ಬಾಗಿ "ಶರಣಾರ್ಥಿ" ಎಂದರು. ನಮ್ಮ ನೆರಳು ಗಿಡದ ಮೇಲೆ ಬೀಳದಂತೆ ನನ್ನನ್ನೂ ಆಚೆ ಬದಿಗೆ ನಿಲ್ಲಿಸಿಕೊಂಡರು. ಆಮೇಲೆ ತಂಬಿಗೆಯ ನೀರು ಹಿಡಿದು, ಬೊಗಸೆ ಒಡ್ಡು ಎಂದರು.

ಒಡ್ಡಿದೆ. ಆದರೆ ನನ್ನ ಬೆರಳು ಕೂಡಿ ಬಂದರಲ್ಲವೇ ಬೊಗಸೆಯಾಗುವುದು! ನೀರು ಬಿಟ್ಟರೆ ಬಿಟ್ಟಲ್ಲೇ ಸೋರಿ ಹೋಗುತ್ತಿತ್ತು. ಧಾರೆ ಎರೆದದ್ದು ನೆಲಕ್ಕೆ ಹೋದರೆ ಲೆಕ್ಕವಿಲ್ಲ. ಅತ್ತೆ ಒಂದು ಗಳಿಗೆ ನೋಡಿದರು. ತಂಬಿಗೆಯನ್ನು ಬಲಗೈಗೆ ಬದಲಿಸಿ, ಎಡಗೈಯನ್ನು ನನ್ನ ಕೈಗಳ ಕೆಳಗೆ ಒತ್ತಿ ಹಿಡಿದು ನೀರು ಬಿಟ್ಟರು. ನನ್ನ ಕೈಯಿಂದ ಸೋರಿದ್ದು ಅವರ ಕೈಯಲ್ಲಿ ನಿಂತಿತು.

"ಇದು ಲಕ್ಕಿ ಗಿಡ," ಎಂದರು. "ಇದರ ಎಲಿ ಹೊರಗಿನ ಪಟ್ಟಿಗೆ. ಔಡಲೆಣ್ಣಿ ಸವರಿ ಹಂಚಿನ ಮ್ಯಾಲ ಬಾಡಿಸಬೇಕು, ಸುಡಬಾರದು. ಹೊಟ್ಟೀಗೆ ಕೊಡೋದು ಬ್ಯಾರೆ. ಬೇವಿನ ಮ್ಯಾಲ ಹಬ್ಬಿದ ಅಮೃತಬಳ್ಳಿ, ಒಣಶುಂಠಿ, ಮೆಣಸು. ಆತು. ಇನ್ನ ನಿಂದು."

ನನಗೆ ಅಳುವೂ ಬಂತು, ನಗುವೂ ಬಂತು. ಕೊರೊನಾ ಬಂದಾಗಿನಿಂದ ಅಮೃತಬಳ್ಳಿ ಹಬ್ಬದ ಕಂಪೌಂಡೇ ನಮ್ಮೂರಲ್ಲಿಲ್ಲ. ನೆರೆಮನೆಯ ಬೇವಿನ ಮರದಿಂದ ನಮ್ಮ ಹಿತ್ತಲಿಗೇ ಇಳಿದುಬಿಟ್ಟಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಇಲ್ಲಿ ಹಿತ್ತಲ ಬಳ್ಳಿಯೇ ಬಾಗಿಲು ಹಾಕಿಕೊಂಡು ಮದ್ದಾಗಿ ಕೂತಿತ್ತು. ಆದರೆ ಅತ್ತೆಯ ಮುಖ ನೋಡಿ ನಗು ನುಂಗಿಕೊಂಡೆ. ಅವರು ಹೆಸರನ್ನಷ್ಟೇ ಹೇಳಿರಲಿಲ್ಲ. ಅಜ್ಜಿ ಕೊಟ್ಟ ಬದುಕನ್ನೇ ಎತ್ತಿ ನನ್ನ ಬೊಗಸೆಗೆ ಹಾಕಿದ್ದರು. ಮನೆಗೆ ಬರುವಾಗ ಅವರು ಮುಂದೆ ನಡೆದರು, ತಿರುಗಿ ನೋಡಲಿಲ್ಲ.

ಡಾಕ್ಟರು ಹೆಸರುಗಳನ್ನು ಕೇಳಿ ಅಮೃತಬಳ್ಳಿ ಎಂದಲ್ಲಿ ಪೆನ್ನು ನಿಲ್ಲಿಸಿದರು. "ಭಾಳ ಮಂದಿಗೆ ಏನೂ ಆಗಂಗಿಲ್ಲ. ಕೆಲವರಿಗೆ ಮಾತ್ರ ಲಿವರಿಗೆ ಹೊಡೀತದ, ನಿಮ್ಮಂಥಾ ಬ್ಯಾನಿ ಇದ್ದವರು ತಗೋಬಾರದು. ಇದs ಇರಬಹುದು ಅಂತ ಅನಸ್ತದ. ಲಿವರು ಪೂರಾ ಸರಿ ಆಗಲಿ, ಸಣ್ಣ ಪ್ರಮಾಣದಾಗ ಗುಳಿಗಿ ಶುರು ಮಾಡಿ ನೋಡೂಣು." ಎಲೆಯ ಪಟ್ಟಿಗೆ ತಮ್ಮ ಅಡ್ಡಿಯಿಲ್ಲ, ಚರ್ಮ ಸುಟ್ಟುಕೊಳ್ಳಬೇಡಿ ಎಂದರು. ಏಳುವಾಗ, "ನಿಮ್ಮ ಅತ್ತಿಯವರಿಗೆ ನನ್ನ ಶರಣಾರ್ಥಿ ಹೇಳ್ರಿ," ಎಂದರು.

ಶರಣಾರ್ಥಿ ಹೇಳುವುದು ಸುಲಭ. ಉಳಿದದ್ದನ್ನು ಹೇಳುವುದು ಹೇಗೆ? ಬಸ್ಸು ಇಳಿಯುವವರೆಗೂ ಮಾತು ಜೋಡಿಸಿದೆ. ಅತ್ತೆ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದರು.

"ಯಾವುದಂತ?" ಎಂದು ನೆಟ್ಟಗೆ ಕೇಳಿದರು.

"ಬಳ್ಳಿ ಇರಬಹುದಂತ್ರಿ."

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ನಾನs ಕುಡಿಸಿದೆನಲ್ಲ ಬೇ, ಈ ಕೈಲೆ."

"ನೀವು ಹೆಸರು ಹೇಳಿದ್ದಕ್ಕ ನನ್ನ ಗುಳಿಗಿ ತಿರುಗಿ ಸಿಗಾಕತ್ತಾವ್ರಿ. ಅದೂ ಆ ಕೈಲೇನs ಆದದ್ದು."

ಅವರು ಅದನ್ನು ಒಪ್ಪಿದರೋ ಇಲ್ಲವೋ ತಿಳಿಯದು. ಮರುದಿನ ಖಲಬತ್ತನ್ನು ಬೂದಿ ಹಾಕಿ ಉಜ್ಜಿ ತೊಳೆದು, ಒಣಗಿಸಿ, ನನ್ನ ಮಷೀನಿನ ಪಕ್ಕ ತಂದಿಟ್ಟರು. ಕಷಾಯದ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ. ಲಿವರು ಸರಿಯಾಯಿತು, ಗುಳಿಗೆ ಹತ್ತಿತು. ಈಗಲೂ ವಾರಕ್ಕೊಮ್ಮೆ ನುಂಗುತ್ತೇನೆ, ಹೇಳಿದ ದಿನಕ್ಕೆ ರಕ್ತ ಕೊಟ್ಟು ಬರುತ್ತೇನೆ. ಕೆಟ್ಟ ಮುಂಜಾನೆಗಳು ಈಗಲೂ ಉಂಟು.

ಔಷಧ ಕೈಗೆ ಬಂತು ಎಂದ ಮಾತ್ರಕ್ಕೆ ಕೆಲಸ ಬಂತು ಎಂದಲ್ಲ. ಮೊದಲ ಸಲ ಇಬ್ಬನಿ ಆರುವ ಮೊದಲೇ ಎಲೆ ಕಿತ್ತು ಚೀಲದಲ್ಲಿ ತುಂಬಿದೆ, ಬೂಸಲು ಬಂತು. ಎರಡನೆಯ ಸಲ ಜಾಣೆಯಾಗಿ ಬಿಸಿಲಿಗೆ ಹರವಿದೆ, ಎಲೆ ಒಣಗಿ ಪುಡಿಯಾಯಿತು, ವಾಸನೆ ಮಾತ್ರ ಹಾರಿಹೋಗಿತ್ತು. ಅತ್ತೆ ದೂರ ಕೂತು ನೋಡುತ್ತಿದ್ದರು. ಮುಟ್ಟುವಂತಿಲ್ಲವಲ್ಲ, ಬಾಯಿಗಂತೂ ಕಟ್ಟಳೆಯಿಲ್ಲ. "ಎಲಿ ಒಣಗಸಾಕತ್ತಿಯೋ, ಹಪ್ಪಳ ಒಣಗಸಾಕತ್ತಿಯೋ? ನೆರಳಿಗೆ ಹಾಕು." ನೆರಳಲ್ಲಿ ಹಗ್ಗದ ಹೊರಸಿನ ಮೇಲೆ ಹರವಲು ಕಲಿತೆ. ತುದಿಯ ಕುಡಿ ಬಿಟ್ಟು ಬಲಿತ ಎಲೆಯನ್ನಷ್ಟೇ, ಒಂದೇ ಕೊಂಬೆ ಬೋಳಿಸದೆ, ಅಲ್ಲೊಂದು ಇಲ್ಲೊಂದು ಕೀಳಲು ಕಲಿತೆ. ಪಟ್ಟಿಗೆ ಹಳೇ ಸೀರೆಗಿಂತ ಜಂಪರಿನ ಒಳಗೆ ಹಾಕುವ ಅಸ್ತರ್ ಬಟ್ಟೆ ಒಳ್ಳೆಯದೆಂದು ನಾನೇ ಕಂಡುಕೊಂಡೆ, ಶಾಖ ಹಿಡಿದಿಡುತ್ತದೆ, ಜಾರುವುದಿಲ್ಲ. ಅದೊಂದನ್ನು ಅತ್ತೆ ಮುಟ್ಟಿ ನೋಡಿ, "ಹ್ಞಾಂ," ಎಂದರು.

ಕಟ್ಟೆಗೆ ಬಂದವರನ್ನು ಈಗ ಅವರು ನನ್ನ ಕಡೆ ಕಳಿಸುತ್ತಾರೆ. ನಾನು ಮೊದಲು ಕೇಳುವುದು ದವಾಖಾನೆಗೆ ತೋರಿಸಿದ್ದೀರಾ, ಯಾವ ಗುಳಿಗೆ ನುಂಗುತ್ತೀರಿ ಎಂದು. ಬೆರಳ ಕೀಲು ಬಾತಿದ್ದರೆ ಪಟ್ಟಿ ಕಟ್ಟುವ ಮೊದಲು ಕಲಬುರಗಿಯ ದಾರಿ ಹೇಳುತ್ತೇನೆ. ಗಿಡದ ಹೆಸರು ಕೇಳಿದವರಿಗೆಲ್ಲ ಹೇಳುತ್ತೇನೆ, ಗುಣ ಹೋಗಿಲ್ಲ. "ಪೊಲೀಸರಂಗ ಕೇಳ್ತಾಳ್ರಿ ನಮ್ಮ ಸೊಸಿ," ಎಂದು ಅತ್ತೆ ಬಂದವರ ಮುಂದೆ ದೂರುತ್ತಾರೆ. ಎದ್ದುಹೋಗಲು ಮಾತ್ರ ಯಾರನ್ನೂ ಬಿಡುವುದಿಲ್ಲ. ಇದನ್ನು ಓದುತ್ತಿರುವ ಯಾರಿಗಾದರೂ ಮುಂಜಾನೆ ಬೆರಳು ಮಡಚದೆ ಇದ್ದರೆ, ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳಬೇಡಿ ತಾಯೀ, ಹೊರಗೆ ತೆಗೆದು ತೋರಿಸಿ. ನಿಮ್ಮ ಬೆರಳು ಇನ್ನೂ ನೆಟ್ಟಗಿರಬಹುದು.

ಹೋದ ಚಳಿಗಾಲದ ಒಂದು ಸಂಜೆ ಹಂಚಿನ ಮೇಲೆ ನನಗಾಗಿ ಎಲೆ ಬಾಡಿಸುತ್ತಿದ್ದೆ. ಅತ್ತೆ ಗೋಡೆ ಹಿಡಿದು ಏಳಲು ಹೋಗಿ ಹಾಗೇ ಕೂತರು. ವಯಸ್ಸೆಂದು ನಾನು ಅದನ್ನು ಎಂದೂ ಗಮನಕ್ಕೆ ತಂದುಕೊಂಡಿರಲಿಲ್ಲ.

"ಅತ್ತಿ, ಊರ ಮಂದಿಗೆಲ್ಲ ಕಟ್ಟೀರಿ. ನಿಮ್ಮ ಮೊಳಕಾಲಿಗೆ ಯಾಕ ಕಟ್ಟಗೊಂಡಿಲ್ರಿ?"

"ಕೊಡೋ ಕೈ ತನಗ ತಾ ಕೊಟ್ಟಗೋಬಾರದು ಬೇ. ಅಜ್ಜಿ ಹೇಳಿದ್ದಳು."

"ಇಷ್ಟು ವರ್ಷ ಹಂಗs ಸಹಿಸಿದ್ರ್ಯಾ?"

ಅವರು ಸೀರೆಯನ್ನು ಮೊಳಕಾಲಿನ ಮೇಲಕ್ಕೆ ಸರಿಸಿ, ಕಾಲನ್ನು ನನ್ನ ಮುಂದೆ ನೀಡಿದರು. "ಈಗ ಅದು ನಂದಲ್ಲ, ನಿಂದು. ಕಟ್ಟು."

ಎಲೆ ಇಟ್ಟೆ, ಊದಿದೆ, ಅಸ್ತರ್ ಬಟ್ಟೆ ಸುತ್ತಿದೆ, ಎರಡೂ ಕೈ ಸೇರಿಸಿ ಗಂಟು ಎಳೆದೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಮುಖ ಹಿಂಡಿದರು.

"ಭಾಳ ಬಿಗಿ ಆತು ಬೇ. ಜರಾ ಸಡಲ ಮಾಡು."

ಕಪ್ಪು ಹಿಡಿಯಲಾರದೆ ಹೋಗಿದ್ದ ನನ್ನ ಕೈಗಳನ್ನು ನಾನು ನೋಡಿಕೊಂಡೆ, ಆಮೇಲೆ ಅವರ ಮುಖ ನೋಡಿದೆ. ಅವರಿಗೂ ಆಗಲೇ ಹೊಳೆದಿತ್ತು, ನಗುತ್ತಿದ್ದರು. ಆ ಮೊಳಕಾಲಿನ ಮೇಲೆ ತಲೆಯಿಟ್ಟು ನಾನು ಮನಸ್ಸು ತುಂಬ ಅತ್ತುಬಿಟ್ಟೆ. ಆಮೇಲೆ ಗಂಟು ಬಿಚ್ಚಿ, ಸಡಿಲ ಮಾಡಿ ಕಟ್ಟಿದೆ.